ಲೆಕ್ಕದ ಅಕ್ಕಾವರು: ಬಾರದ ರೈಲು, ಬೆಳೆಯುವ ಅಂದಾಜು

ಈ ಸಲ ರೈಲು, ಬಸ್ಸುಗಳ ದುಡ್ಡಿನ ಬಗ್ಗೆ ಕೇಳಿ ಎಂದು ಬರೆದಿದ್ದೆ. ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ‘ಎಲ್ಲ ತಿಂದು ಹಾಕಿದ್ದಾರೆ’ ಎಂಬ ಮಾತಿನಿಂದಲೇ ಶುರುವಾಗಿವೆ. ಗುತ್ತಿಗೆದಾರರ ಬಿಲ್ಲುಗಳ ಮೇಲೆ ಆಕ್ಷೇಪಣೆ ಬರೆಯುತ್ತಲೇ ನಿವೃತ್ತಳಾದವಳು ನಾನು. ತಿನ್ನುವವರ ಪರಿಚಯ ನನಗೆ ನಿಮಗಿಂತ ಚೆನ್ನಾಗಿದೆ. ಆದರೂ ಆ ಒಂದು ಉತ್ತರವನ್ನೇ ಎಲ್ಲ ಪತ್ರಗಳಿಗೂ ಬರೆದು ಕೈತೊಳೆದುಕೊಳ್ಳಲಾರೆ.

ಅಕ್ಕಾವರೇ, ಬಾಗಲಕೋಟೆ–ಕುಡಚಿ ರೈಲು ಮಾರ್ಗಕ್ಕೆ ಮಂಜೂರಾತಿ ಸಿಕ್ಕಾಗ ನನ್ನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ಈಗ ಕಾಲೇಜು ಮುಗಿಸುತ್ತಿದ್ದಾಳೆ. ಪ್ರತಿ ಬಜೆಟ್ಟಿನ ಮರುದಿನ ‘ಇಷ್ಟು ಕೋಟಿ ಬಂತು’ ಎಂದು ಓದುತ್ತೇವೆ. ರೈಲು ಮಾತ್ರ ನಮ್ಮೂರಿಗೆ ಬರಲಿಲ್ಲ. ಆ ದುಡ್ಡು ಯಾರ ಮನೆ ಸೇರಿತು?
— ಓದುಗರು, ತೇರದಾಳ

ಮಂಜೂರಾತಿ 2010–11ರದ್ದು. ಉದ್ದ ಸುಮಾರು 142 ಕಿ.ಮೀ. ಕಾಮಗಾರಿಯ ವೆಚ್ಚದಲ್ಲಿ ಅರ್ಧ ರೈಲ್ವೆಯದು, ಅರ್ಧ ರಾಜ್ಯದ್ದು, ಭೂಮಿಯನ್ನೂ ರಾಜ್ಯವೇ ಕೊಡಬೇಕು ಎಂಬುದು ಒಪ್ಪಂದ. ಬಾಗಲಕೋಟೆಯ ಕಡೆಯಿಂದ ಖಜ್ಜಿಡೋಣಿಯವರೆಗಿನ ಮೂವತ್ತು ಚಿಲ್ಲರೆ ಕಿಲೋಮೀಟರ್ ಮೊದಲು ಮುಗಿಯಿತು. ಮುಂದಿನದು ತುಂಡುತುಂಡಾಗಿ ಸಾಗಿದೆ.

ದುಡ್ಡು ಯಾರ ಮನೆ ಸೇರಿತು ಎಂದು ಕೇಳುವ ಮೊದಲು, ಅದು ಮನೆ ಬಿಟ್ಟು ಹೊರಟಿತ್ತೇ ಎಂದು ಕೇಳಬೇಕು. ಮಂಜೂರಾತಿ ಎಂದರೆ ಕೆಲಸ ಮಾಡಬಹುದೆಂಬ ಒಪ್ಪಿಗೆ ಮಾತ್ರ. ಪ್ರತಿ ವರ್ಷ ಯಾವ ಕಾಮಗಾರಿಗೆ ಎಷ್ಟು ಎಂಬುದನ್ನು ರೈಲ್ವೆಯವರು ‘ಪಿಂಕ್ ಬುಕ್’ ಎಂದು ಕರೆಯುವ ಪುಸ್ತಕದಲ್ಲಿ ಬರೆಯುತ್ತಾರೆ. ದೇಶದ ಹಲವು ಹೊಸ ಮಾರ್ಗಗಳ ಮುಂದೆ ಕೇವಲ 1,000 ರೂಪಾಯಿ ಬರೆದ ವರ್ಷಗಳಿವೆ. ಸಾವಿರ ಕೋಟಿಯಲ್ಲ, ಸಾವಿರ ರೂಪಾಯಿ. ಯೋಜನೆ ಸತ್ತಿಲ್ಲ ಎಂದು ತೋರಿಸಲು ಅಷ್ಟು ಸಾಕಂತೆ. ಹಾಗೆ ಬರೆದದ್ದೂ ಪೂರ್ತಿಯಾಗಿ ಬಿಡುಗಡೆಯಾಗುತ್ತದೆ ಎಂದೇನಿಲ್ಲ. ಬಿಡುಗಡೆಯಾದದ್ದು ಮಾರ್ಚ್ ಕೊನೆಯ ವಾರದಲ್ಲಿ ಬಂದರೆ ಅದರಿಂದ ನೆಲದ ಮೇಲೆ ಏನೂ ಏಳುವುದಿಲ್ಲ. ಖಜಾನೆಯ ಮುಂದೆ ಬಿಲ್ಲು ಹಿಡಿದು ನಿಂತವರ ಸಾಲು ಮಾತ್ರ ಏಳುತ್ತದೆ.

ಎರಡು ಜೇಬಿನಿಂದ ಹಣ ಬರಬೇಕಾದ ಕಡೆ ಇನ್ನೊಂದು ತೊಡಕಿದೆ. ನಿಮ್ಮ ಪಾಲು ಬಂದ ಮೇಲೆ ನಮ್ಮದು ಎಂದು ಒಬ್ಬರು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಕೊಡಿ ಎಂದು ಇನ್ನೊಬ್ಬರು. ಭೂಮಿ ಕೈಗೆ ಬಾರದೆ ಟೆಂಡರ್ ಕರೆಯಬಾರದು ಎನ್ನುವುದು ನಿಯಮ. ಟೆಂಡರ್ ಕರೆಯದೆ ಹಣ ಬಿಡುವುದು ಹೇಗೆ ಎನ್ನುವುದು ಹಣಕಾಸು ಇಲಾಖೆಯ ಪ್ರಶ್ನೆ. ಇಬ್ಬರ ಮಾತೂ ಕಡತದಲ್ಲಿ ಸರಿಯಾಗಿಯೇ ಕಾಣುತ್ತದೆ.

ಈಗ ನಿಮಗೊಂದು ಲೆಕ್ಕ ಕೊಡುತ್ತೇನೆ. ನಿಮ್ಮ ಮಗಳ ಕೈಯಲ್ಲಿ ಮಾಡಿಸಿ ನೋಡಿ. ಇದು ಯಾವುದೇ ನಿಜವಾದ ಮಾರ್ಗದ ಅಂಕಿಯಲ್ಲ, ನಾನು ಹಾಕಿಕೊಂಡದ್ದು. ಸಾವಿರ ಕೋಟಿಯ ಕೆಲಸವಿದೆ. ಸಿಮೆಂಟ್, ಕಬ್ಬಿಣ, ಕೂಲಿ, ಡೀಸೆಲ್ ಸೇರಿ ವರ್ಷಕ್ಕೆ ಶೇ 6ರಷ್ಟು ಬೆಲೆ ಏರುತ್ತದೆ. ಸರ್ಕಾರ ವರ್ಷದ ಕೊನೆಗೆ 60 ಕೋಟಿ ಕೊಡುತ್ತದೆ. ಮೊದಲ ವರ್ಷದ ಕೊನೆಗೆ ಉಳಿದ ಕೆಲಸದ ಬೆಲೆ ಎಷ್ಟು? ಸಾವಿರ ಇದ್ದದ್ದು 1,060 ಆಯಿತು, 60 ಕೊಟ್ಟಿರಿ, ಮತ್ತೆ ಸಾವಿರ. ಎರಡನೆಯ ವರ್ಷವೂ ಅಷ್ಟೇ. ಹತ್ತು ವರ್ಷ ಕಳೆದಾಗ 600 ಕೋಟಿ ಖರ್ಚಾಗಿರುತ್ತದೆ, ಅರ್ಧಕ್ಕಿಂತ ಹೆಚ್ಚು ಕೆಲಸ ಬಾಕಿ ಇರುತ್ತದೆ, ಬೇಕಾದ ಹಣ ಮಾತ್ರ ಅದೇ ಸಾವಿರ ಕೋಟಿ. ಅದೇ ಕೆಲಸಕ್ಕೆ ವರ್ಷಕ್ಕೆ 300 ಕೋಟಿ ಕೊಟ್ಟು ನೋಡಿ. ನಾಲ್ಕನೆಯ ವರ್ಷ ಸುಮಾರು 1,150 ಕೋಟಿಗೆ ಮುಗಿಯುತ್ತದೆ. ಎರಡೂ ಲೆಕ್ಕಗಳಲ್ಲಿ ಒಬ್ಬ ಕಳ್ಳನೂ ಇಲ್ಲ. ಎಲ್ಲರೂ ಸತ್ಯವಂತರೆಂದು ಇಟ್ಟುಕೊಂಡೇ ಹಾಕಿದ್ದು.

ಇದಕ್ಕೆ ಅಧಿಕಾರಿಗಳ ವೇತನ, ಕ್ಯಾಂಪ್ ಕಚೇರಿಯ ಬಾಡಿಗೆ, ಬಿಟ್ಟುಹೋದ ಗುತ್ತಿಗೆದಾರನ ಜಾಗಕ್ಕೆ ಮತ್ತೊಮ್ಮೆ ಟೆಂಡರ್, ಅರೆಬರೆ ಹಾಕಿದ ಮಣ್ಣಿನ ಏರಿಯನ್ನು ಮಳೆ ಕೊಚ್ಚಿಕೊಂಡು ಹೋದದ್ದು, ಇವೆಲ್ಲ ಸೇರಿಸಿಕೊಳ್ಳಿ. ಮಹಾಲೇಖಪಾಲರ ವರದಿಯ ಪ್ರಕಾರ 2014ರ ಮಾರ್ಚ್ ಕೊನೆಗೆ ರೈಲ್ವೆಯ ಕೈಯಲ್ಲಿ 442 ಮುಗಿಯದ ಕಾಮಗಾರಿಗಳಿದ್ದವು. ವಿಳಂಬದಿಂದ ಹೆಚ್ಚಿದ ವೆಚ್ಚ 1.07 ಲಕ್ಷ ಕೋಟಿ. ಅವನ್ನೆಲ್ಲ ಮುಗಿಸಲು ಇನ್ನೂ ಬೇಕಾದದ್ದು 1.86 ಲಕ್ಷ ಕೋಟಿ. ನಾಲ್ಕು ನೂರು ಎಲೆ ಹಾಕಿ ನಲವತ್ತು ಜನರ ಅಡುಗೆ ಬಡಿಸಿದಂತೆ. ಯಾರ ಹೊಟ್ಟೆಯೂ ತುಂಬಲಿಲ್ಲ, ಕರೆದ ಪುಣ್ಯ ಮಾತ್ರ ಎಲ್ಲ ಸಂಸದರಿಗೂ ಬಂತು.

ಆದ್ದರಿಂದ ನಿಮ್ಮ ಶಾಸಕರು ಮುಂದಿನ ಸಲ ‘ಮಂಜೂರು ಮಾಡಿಸಿದೆ’ ಎಂದು ಹಾರ ಹಾಕಿಸಿಕೊಳ್ಳಲು ಬಂದರೆ, ಈ ವರ್ಷ ಎಷ್ಟು ಬಿಡುಗಡೆಯಾಯಿತು, ಯಾವ ತಿಂಗಳಲ್ಲಿ ಎಂದು ಕೇಳಿ. ಹಾರ ಆಮೇಲೆ ಹಾಕಿದರಾಯಿತು.

ಬೆಳಗಾವಿ–ಕಿತ್ತೂರು–ಧಾರವಾಡ ಹೊಸ ಮಾರ್ಗಕ್ಕೆ ಫಲವತ್ತಾದ ಭೂಮಿ ಬಿಡುವುದಿಲ್ಲ ಎಂದು ಹೋರಾಡಿದ ರೈತರಲ್ಲಿ ನಾನೂ ಒಬ್ಬ. ನಮ್ಮಿಂದಲೇ ವೆಚ್ಚ ಏರಿತು ಎಂದು ಪೇಟೆಯವರು ಹಂಗಿಸುತ್ತಾರೆ. ಇದು ನ್ಯಾಯವೇ?
— ರೈತರು, ಬೆಳಗಾವಿ ತಾಲ್ಲೂಕು

ಅಲ್ಲ. ಆದರೆ ನಿಮ್ಮ ಪರವಾಗಿ ಪೂರ್ತಿ ತೀರ್ಪನ್ನೂ ಕೊಡಲಾರೆ.

ಲೋಂಡಾ ಸುತ್ತಿ ಹೋಗುವ ದಾರಿಯನ್ನು ನೇರ ಮಾಡುವ ಈ 73 ಕಿ.ಮೀ. ಮಾರ್ಗವನ್ನು ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರು ಹಿಡಿದ ಹಟದಿಂದ ತಂದರು. ಅಂದಾಜು 927.40 ಕೋಟಿ. ಅವರು 2020ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಭೂಮಿಯ ಹೊಣೆ ಇಲ್ಲಿಯೂ ರಾಜ್ಯದ್ದೇ.

ಆಲಮಟ್ಟಿ ಹಿನ್ನೀರಿಗೆ ಮನೆ ಕೊಟ್ಟು ಬಾಗಲಕೋಟೆಯ ನವನಗರದ ಸೆಕ್ಟರಿಗೆ ಬಂದ ಕುಟುಂಬ ನಮ್ಮದು. ಪರಿಹಾರದ ಚೆಕ್ಕು ಹಿಡಿದು ಹಳೆಯ ಊರಿನ ಓಣಿಯಲ್ಲಿ ನಿಂತವರ ಮುಖ ನೋಡಿದ್ದೇನೆ. ಆಗಿನ 1894ರ ಕಾಯ್ದೆಗೂ ಈಗಿನ 2013ರ ಕಾಯ್ದೆಗೂ ಬಹಳ ಅಂತರವಿದೆ. ಈಗ ಹಳ್ಳಿಯ ಭೂಮಿಯಾದರೆ ಮಾರುಕಟ್ಟೆ ಬೆಲೆಯನ್ನು ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ ಎರಡು ಪಟ್ಟಿನವರೆಗೆ ಏರಿಸಿ, ಅದರ ಮೇಲೆ ಅಷ್ಟೇ ಮೊತ್ತದ ಸಾಂತ್ವನ ಧನ ಸೇರಿಸುತ್ತಾರೆ. ಅಂದರೆ ನಾಲ್ಕು ಪಟ್ಟಿನವರೆಗೂ ಹೋಗಬಹುದು. ಅಧಿಸೂಚನೆಯಿಂದ ಐತೀರ್ಪಿನವರೆಗೆ, ಅಂದರೆ ಪರಿಹಾರ ನಿಗದಿ ಮಾಡುವ ಆದೇಶದವರೆಗೆ, ಮಾರುಕಟ್ಟೆ ಬೆಲೆಗೆ ವರ್ಷಕ್ಕೆ ಶೇ 12 ಬೇರೆ. ಇದು ರೈತನ ಹಕ್ಕು. ಇದನ್ನು ‘ವೆಚ್ಚ ಏರಿಕೆ’ ಎಂದು ಕರೆಯುವವರು, ಮೊದಲಿದ್ದ ಕಡಿಮೆ ವೆಚ್ಚವನ್ನು ಯಾರು ಹೊತ್ತಿದ್ದರು ಎಂದು ನವನಗರಕ್ಕೆ ಬಂದು ಕೇಳಲಿ.

ಸರ್ಕಾರ ಸೋಲುವುದು ಬೇರೆ ಕಡೆ. ಪರಿಹಾರ ಕಡಿಮೆಯಾಯಿತೆಂದು ರೈತ ನ್ಯಾಯಾಲಯಕ್ಕೆ ಹೋಗಿ ಗೆದ್ದರೆ, ಹೆಚ್ಚುವರಿ ಮೊತ್ತಕ್ಕೆ ಮೊದಲ ವರ್ಷ ಶೇ 9, ಆಮೇಲೆ ಶೇ 15 ಬಡ್ಡಿ ಕೊಡಬೇಕು. ಪೇಟೆಯಲ್ಲಿ ಶೇ 7–8ರ ಆಸುಪಾಸಿನಲ್ಲಿ ಸಾಲ ಎತ್ತುವ ಸರ್ಕಾರ, ಸಕಾಲದಲ್ಲಿ ಸರಿಯಾದ ಬೆಲೆ ಕಟ್ಟದೆ, ತನ್ನದೇ ರೈತನಿಂದ ಶೇ 15ರ ಸಾಲ ತೆಗೆದುಕೊಂಡಂತೆ. ಕೃಷ್ಣಾ ಯೋಜನೆಯ ಇಂಥ ಕಡತಗಳನ್ನು ನೋಡಿ ನೋಡಿ ನನ್ನ ಕನ್ನಡಕದ ನಂಬರು ಏರಿತು.

ನಿಮಗೊಂದು ಮಾತು: ಮಾರ್ಗ ಬದಲಿಸಿ ಎಂದು ಕೇಳುವ ಕಾಲ ಸರ್ವೆಯ ಕಾಲ. ನಕಾಶೆಯ ಮೇಲೆ ಗೆರೆ ಸರಿಸಲು ಪೆನ್ಸಿಲ್ ಸಾಕು. ಅಧಿಸೂಚನೆಯಾದ ಮೇಲೆ ಸರಿಸಿದರೆ ಸೇತುವೆ, ತಿರುವು, ಇನ್ನೊಬ್ಬ ರೈತನ ಹೊಲ, ಎಲ್ಲದರ ಲೆಕ್ಕವೂ ಹೊಸದಾಗುತ್ತದೆ. ಸರ್ವೆಗೆ ಬಂದವರು ಊರವರನ್ನು ಕೇಳುವುದಿಲ್ಲ ಎಂಬ ನಿಮ್ಮ ದೂರು ನಿಜ. ಗ್ರಾಮಸಭೆಯ ಠರಾವನ್ನು ಬರವಣಿಗೆಯಲ್ಲಿ ಕಳಿಸಿ ಸ್ವೀಕೃತಿ ಪಡೆದಿಟ್ಟುಕೊಂಡರೆ, ಮುಂದೆ ಕಡತದಲ್ಲಿ ನೀವು ‘ಕೊನೆ ಗಳಿಗೆಯಲ್ಲಿ ಅಡ್ಡ ಬಂದವರು’ ಆಗುವುದಿಲ್ಲ.

ಹೋಟಗಿಯಿಂದ ಕೂಡಗಿವರೆಗೆ ಜೋಡಿ ಹಳಿಗೆ ದುಡ್ಡಿನ ಕೊರತೆಯೇ ಆಗಲಿಲ್ಲವಂತೆ. ನಮ್ಮ ಜಿಲ್ಲೆಯ ಉಳಿದ ಬೇಡಿಕೆಗಳು ಸರ್ವೆಯಲ್ಲೇ ಕೊಳೆಯುತ್ತಿವೆ. ವಿಜಯಪುರದವರಿಗೆ ಮಾತ್ರ ಹೀಗೇಕೆ?
— ವಿದ್ಯಾರ್ಥಿ, ವಿಜಯಪುರ

ಕೂಡಗಿಯಲ್ಲಿ ಎನ್‌ಟಿಪಿಸಿಯ ಉಷ್ಣ ವಿದ್ಯುತ್ ಸ್ಥಾವರವಿದೆ. ಅದಕ್ಕೆ ಕಲ್ಲಿದ್ದಲು ಬರಬೇಕು. ಹೋಟಗಿ–ಗದಗ ನಡುವಿನ 284 ಕಿ.ಮೀ. ಜೋಡಿ ಹಳಿಯ ಕೆಲಸದಲ್ಲಿ ಹೋಟಗಿ–ಕೂಡಗಿ ಭಾಗಕ್ಕೆ ಆ ಕಂಪನಿಯೇ ಹಣ ಕೊಟ್ಟಿತು. ಬೇಕಾದವನೇ ದುಡ್ಡು ಹಿಡಿದು ನಿಂತರೆ ಬಿಡುಗಡೆಗೆ ಯಾರೂ ಮಾರ್ಚ್‌ವರೆಗೆ ಕಾಯುವುದಿಲ್ಲ. ಕಲ್ಲಿದ್ದಲಿಗೆ ಜೇಬಿದೆ, ದ್ರಾಕ್ಷಿ ಬೆಳೆಯುವ ತಿಕೋಟದ ರೈತನಿಗೂ ಹಾಸ್ಟೆಲಿಗೆ ಹೋಗುವ ನಿನಗೂ ಇಲ್ಲ. ಇರುವುದು ಮತ ಮಾತ್ರ.

ಇನ್ನು ಸರ್ವೆ. ಸರ್ವೆಗೆ ಆಗುವ ಖರ್ಚು ಅತಿ ಕಡಿಮೆ, ಸಿಗುವ ಚಪ್ಪಾಳೆ ಅತಿ ಹೆಚ್ಚು. ಅದಾದ ಮೇಲೆ ವಿಸ್ತೃತ ವರದಿ, ಲಾಭ-ನಷ್ಟದ ತುಲನೆ, 1,000 ಕೋಟಿ ಮೀರಿದರೆ ಕೇಂದ್ರ ಸಂಪುಟದ ಒಪ್ಪಿಗೆ, ಆಮೇಲೆ ಹಣ. ನಿನ್ನ ಪತ್ರದ ಜೊತೆ ಕಳಿಸಿದ ಪತ್ರಿಕೆಯ ತುಣುಕಿನಲ್ಲಿರುವುದು ಮೊದಲ ಮೆಟ್ಟಿಲು ಅಷ್ಟೇ.

ವಿಜಯಪುರ ಹತ್ತಿರದ ಬುರಣಾಪುರದ ವಿಮಾನ ನಿಲ್ದಾಣದ ಅಂದಾಜು ಕೆಲಸ ನಡೆಯುತ್ತಿರುವಾಗಲೇ ಏರಿತಲ್ಲ, ಇದು ಗೋಲ್‌ಮಾಲ್ ಅಲ್ಲವೇ?
— ಓದುಗರು, ಬಸವನ ಬಾಗೇವಾಡಿ

ಮೊದಲು ಎಟಿಆರ್ ತರಹದ ಸಣ್ಣ ವಿಮಾನಕ್ಕೆಂದು ಯೋಜಿಸಿದ್ದನ್ನು ಏರ್‌ಬಸ್ 320 ಇಳಿಯುವಂತೆ ಮಾಡಲು ಹೊರಟರು. ರನ್‌ವೇ ಉದ್ದವಾಗಬೇಕು, ದಪ್ಪವಾಗಬೇಕು. ಅಂದಾಜು 347.92 ಕೋಟಿಗೆ ಹೋಯಿತು. ಇದು ಬೆಲೆ ಏರಿಕೆಯಲ್ಲ, ವಸ್ತುವೇ ಬೇರೆಯಾದದ್ದು. ದೊಡ್ಡ ವಿಮಾನ ಬೇಕೇ ಬೇಡವೇ ಎಂದು ಅಡಿಗಲ್ಲಿನ ಮೊದಲೇ ತೀರ್ಮಾನಿಸಬಾರದಿತ್ತೇ ಎಂಬುದು ನ್ಯಾಯವಾದ ಪ್ರಶ್ನೆ. ನನ್ನ ಅನುಭವದಲ್ಲಿ ನಡುವೆ ಬದಲಾದ ನಕ್ಷೆಯಷ್ಟು ಗುತ್ತಿಗೆದಾರನಿಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಟೆಂಡರಿನಲ್ಲಿ ಇಲ್ಲದ ಬಾಬಿಗೆ ಪೈಪೋಟಿ ಇರುವುದಿಲ್ಲ, ದರದ ಚೌಕಾಶಿ ಇಬ್ಬರ ನಡುವೆಯೇ ನಡೆಯುತ್ತದೆ.

ಬೆಳಗಾವಿಗೆ ಮೆಟ್ರೊ ಯಾವಾಗ?
— ಓದುಗರು, ಶಹಾಪುರ, ಬೆಳಗಾವಿ

ಬೇಡ. ಬೆಂಗಳೂರಿನ ಮೊದಲ ಹಂತಕ್ಕೆ 2006ರಲ್ಲಿ ಒಪ್ಪಿಗೆ ಕೊಟ್ಟಾಗ 33 ಕಿ.ಮೀ.ಗೆ 6,395 ಕೋಟಿ. ಅದು 42 ಕಿ.ಮೀ. ಆಗಿ 2017ರಲ್ಲಿ ಮುಗಿಯುವಾಗ ಸುಮಾರು 14,000 ಕೋಟಿ. 2017ರ ಮೆಟ್ರೊ ನೀತಿಯಂತೆ ಕೇಂದ್ರದ ಹಣ ಬೇಕಿದ್ದರೆ ಬಸ್ಸು, ಟ್ರಾಮು ಮುಂತಾದ ಬೇರೆ ದಾರಿಗಳನ್ನು ತೂಗಿ ನೋಡಿದ್ದೇವೆ ಎಂದು ತೋರಿಸಬೇಕು, ಸಮಾಜಕ್ಕೆ ಶೇ 14ರಷ್ಟು ಪ್ರತಿಫಲ ಬರುತ್ತದೆ ಎಂದೂ ಸಾಧಿಸಬೇಕು. ಹುಬ್ಬಳ್ಳಿ–ಧಾರವಾಡದವರು ವಿಶ್ವ ಬ್ಯಾಂಕಿನ ನೆರವು ಪಡೆದು 22 ಕಿ.ಮೀ. ಬಿಆರ್‌ಟಿಎಸ್, ಅಂದರೆ ಬಸ್ಸಿಗೇ ಮೀಸಲಾದ ಪಥ, ಕಟ್ಟಿದರು. ಸುಮಾರು 970 ಕೋಟಿ ಆಯಿತು. ಅದರ ನಿರ್ವಹಣೆಯ ಬಗ್ಗೆ ಅಲ್ಲಿಯವರನ್ನೇ ಕೇಳಿ. ಶಹಾಪುರದಿಂದ ರೈಲು ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಬರುವ ನಗರ ಸಾರಿಗೆ ಬಸ್ಸನ್ನು ಮೊದಲು ಕೇಳೋಣ.

ನಾನು ಸಿವಿಲ್ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಂದಾಜು ಪಟ್ಟಿ ಮಾಡಲು ದರಪಟ್ಟಿ ಇದೆ, ಸಾಫ್ಟ್‌ವೇರ್ ಇದೆ. ಆದರೂ ದೊಡ್ಡ ಯೋಜನೆಗಳ ಅಂದಾಜು ಯಾವಾಗಲೂ ಕಡಿಮೆಯೇ ಆಗುವುದೇಕೆ? ಹೆಚ್ಚಾಗಿಯೂ ತಪ್ಪಬಹುದಲ್ಲ?
— ವಿದ್ಯಾರ್ಥಿನಿ, ಬಾಗಲಕೋಟೆ

ಈ ಸಲದ ಪತ್ರಗಳಲ್ಲಿ ಇದೇ ಒಳ್ಳೆಯ ಪ್ರಶ್ನೆ, ತಂಗಿ. ಬರಿಯ ತಪ್ಪಾಗಿದ್ದರೆ ಎರಡೂ ಕಡೆ ಬೀಳಬೇಕಿತ್ತು. ಡೆನ್ಮಾರ್ಕಿನ ಬೆಂಟ್ ಫ್ಲೂಬರ್ಗ್ ಮತ್ತು ಸಂಗಡಿಗರು 20 ದೇಶಗಳ 258 ಸಾರಿಗೆ ಯೋಜನೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ಮೀರಿದ್ದವು. ರೈಲು ಯೋಜನೆಗಳು ಸರಾಸರಿ ಶೇ 45ರಷ್ಟು ಮೀರಿದ್ದವು. ಎಪ್ಪತ್ತು ವರ್ಷಗಳ ಯೋಜನೆಗಳನ್ನು ನೋಡಿದರೂ ಸುಧಾರಣೆ ಕಾಣಲಿಲ್ಲ. ಅಷ್ಟು ವರ್ಷ ಎಂಜಿನಿಯರುಗಳು ಏನನ್ನೂ ಕಲಿಯಲಿಲ್ಲವೆಂದು ನಂಬುವುದು ಕಷ್ಟ. ಕಡಿಮೆ ಬರೆದವನ ಯೋಜನೆ ಮಂಜೂರಾಗುತ್ತದೆ, ನಿಜ ಬರೆದವನದ್ದು ಕಪಾಟು ಸೇರುತ್ತದೆ. ಅಡಿಗಲ್ಲು ಬಿದ್ದ ಮೇಲೆ ಪರಿಷ್ಕೃತ ಅಂದಾಜಿಗೆ ‘ಆಗದು’ ಎನ್ನುವ ಧೈರ್ಯ ಯಾವ ಸರ್ಕಾರಕ್ಕೂ ಇಲ್ಲ. ನಮ್ಮ ಬೀದರ್–ಕಲಬುರಗಿ ಮಾರ್ಗ 110 ಕಿ.ಮೀ. 1990ರ ದಶಕದಲ್ಲಿ ಮಂಜೂರಾಗಿ 2017ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದಾಗ ವೆಚ್ಚ 1,542 ಕೋಟಿ, ಮೊದಲ ಅಂದಾಜಿನ ಹಲವು ಪಟ್ಟು.

ಫ್ಲೂಬರ್ಗ್ ಸೂಚಿಸುವ ಮದ್ದು ಸರಳ: ನಿನ್ನ ಯೋಜನೆಯ ಅಂದಾಜನ್ನು ಮಾತ್ರ ನಂಬಬೇಡ, ಅಂಥದ್ದೇ ಹಳೆಯ ಯೋಜನೆಗಳು ಎಷ್ಟು ಮೀರಿದವು ನೋಡಿ ಮೊದಲೇ ಸೇರಿಸು. ದೆಹಲಿ ಮೆಟ್ರೊದ ಮೊದಲ ಹಂತ ಹೇಳಿದ ಕಾಲಕ್ಕಿಂತ ಮುಂಚೆ ಮುಗಿದದ್ದಕ್ಕೆ ಇ. ಶ್ರೀಧರನ್ ಅವರ ಶಿಸ್ತನ್ನು ಎಲ್ಲರೂ ಹೊಗಳುತ್ತಾರೆ. ಕೆಲಸದ ಜಾಗಗಳಲ್ಲಿ ಉಳಿದ ದಿನಗಳನ್ನು ಎಣಿಸುವ ಗಡಿಯಾರ ಇಟ್ಟಿದ್ದರು. ನಾನು ಅದರ ಜೊತೆಗೆ ಜಪಾನಿನ ಸಾಲವನ್ನೂ ಹೊಗಳುತ್ತೇನೆ. ವೆಚ್ಚದ ಸುಮಾರು ಶೇ 60 ಅದರಿಂದಲೇ ಬಂತು. ಹಣವಿಲ್ಲದೆ ನಿಂತ ದಿನವನ್ನು ಎಣಿಸಲು ಗಡಿಯಾರವೇನೂ ಬೇಕಿಲ್ಲ.

ಬ್ರಿಟಿಷರು ಹೋಟಗಿ–ಗದಗ ಮಾರ್ಗವನ್ನು ಕೆಲವೇ ವರ್ಷಗಳಲ್ಲಿ ಹಾಕಿದರು. ಅವರ ದಕ್ಷತೆ ನಮಗೇಕಿಲ್ಲ?
— ನಿವೃತ್ತ ಶಿಕ್ಷಕರು, ಹುನಗುಂದ

ಗುರುಗಳೇ, ಆ ಮಾರ್ಗದ ಹಿಂದೆ ಇರುವುದು 1876–78ರ ಬರ. ನಮ್ಮ ಸೀಮೆಯಲ್ಲಿ ಜನ ಸತ್ತ ಮೇಲೆ, ಧಾನ್ಯ ಸಾಗಿಸಲು ಹಳಿ ಬೇಕೆಂದು ಸರ್ಕಾರಕ್ಕೆ ಹೊಳೆಯಿತು. 1882ರಲ್ಲಿ ಲಂಡನ್ನಿನಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, 1880ರ ದಶಕದಲ್ಲೇ ಮೀಟರ್ ಗೇಜ್ ರೈಲು ಓಡಿತು. ವೇಗ ನಿಜ. ಆದರೆ ಹೊಲ ಹೋದ ರೈತನಿಗೆ ನ್ಯಾಯಾಲಯದ ದಾರಿ ಎಷ್ಟು ದೂರವಿತ್ತು, ಕೂಲಿ ಎಷ್ಟಿತ್ತು ಎಂಬುದನ್ನೂ ಸೇರಿಸಿ ಹೇಳಬೇಕು.

ವೆಚ್ಚದ ಹಿಡಿತದಲ್ಲಂತೂ ಅವರು ಯಾರಿಗೂ ಮಾದರಿಯಲ್ಲ. 1849ರಲ್ಲಿ ಆರಂಭವಾದ ಪದ್ಧತಿಯಂತೆ ಬಂಡವಾಳ ಹಾಕಿದ ಇಂಗ್ಲಿಷರಿಗೆ ಶೇ 5ರ ಪ್ರತಿಫಲವನ್ನು ಭಾರತದ ತೆರಿಗೆಯಿಂದ ಖಾತರಿ ಮಾಡಲಾಗಿತ್ತು. ರೈಲು ಲಾಭ ಮಾಡಲಿ, ಬಿಡಲಿ. ಹಣಕಾಸು ಸದಸ್ಯರಾಗಿದ್ದ ವಿಲಿಯಂ ಮ್ಯಾಸಿ ಎಂಬವರು 1872ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ, ಶೇ 5 ಕೈಸೇರುವವರೆಗೆ ಹಣ ಹೂಗ್ಲಿ ನದಿಗೆ ಬಿದ್ದರೂ ಇಟ್ಟಿಗೆ ಗಾರೆಯಾದರೂ ಬಂಡವಾಳಗಾರನಿಗೆ ಒಂದೇ ಎಂಬ ಅರ್ಥದಲ್ಲಿ ನುಡಿದಿದ್ದಾರೆ. ಸದರ್ನ್ ಮರಾಠಾದವರಿಗೂ ಖಾತರಿ ಬಡ್ಡಿ ಇತ್ತು, ದರ ಮಾತ್ರ ಕಡಿಮೆ. ಇಂದು ಖಾಸಗಿ ಸಹಭಾಗಿತ್ವದ ಹೆಸರಿನಲ್ಲಿ ‘ಕನಿಷ್ಠ ಆದಾಯದ ಖಾತರಿ’ ಎಂಬ ಷರತ್ತನ್ನು ಯಾರಾದರೂ ಮುಂದಿಟ್ಟರೆ ನನಗೆ ಮ್ಯಾಸಿಯವರ ಹೂಗ್ಲಿ ನೆನಪಾಗುತ್ತದೆ. ಇಲ್ಲಿ ಘಟಪ್ರಭೆ ಇದೆಯಲ್ಲ.

ಬೆಳಗಾವಿ ರೈಲು ನಿಲ್ದಾಣಕ್ಕೆ ಸುರಿದ ದುಡ್ಡಿನಲ್ಲಿ ಹೊಸ ರೈಲು ಬಿಡಬಹುದಿತ್ತಲ್ಲವೇ?
— ಓದುಗರು, ಟಿಳಕವಾಡಿ

2023ರ ಫೆಬ್ರುವರಿ 27ರಂದು ಉದ್ಘಾಟನೆಯಾದ ನಿಲ್ದಾಣಕ್ಕೆ ಸುಮಾರು 190 ಕೋಟಿ. ಅದೇ ದಿನ ಲೋಕಾರ್ಪಣೆಯಾದ ಲೋಂಡಾ–ಬೆಳಗಾವಿ–ಘಟಪ್ರಭಾ ಜೋಡಿ ಹಳಿಗೆ ಸುಮಾರು 930 ಕೋಟಿ. ಹೆಚ್ಚು ರೈಲು ಓಡಲು ಬೇಕಾದದ್ದು ಆ ಎರಡನೆಯದು. ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳಲು ಬರುವುದಿಲ್ಲವಾದ್ದರಿಂದ ನಿಮ್ಮ ಗಮನಕ್ಕೆ ಬಂದಿಲ್ಲ.

ನಮ್ಮೂರ ಬಸ್ ನಿಲ್ದಾಣದ ಕೆಲಸ ನಿಂತಿದೆ. ಯಾರನ್ನು ಕೇಳಿದರೂ ‘ಮೇಲಿನಿಂದ ಹಣ ಬಂದಿಲ್ಲ’ ಎನ್ನುತ್ತಾರೆ. ಸಾಮಾನ್ಯ ಮನುಷ್ಯ ಏನು ಮಾಡಬಹುದು?
— ಓದುಗರು, ಅಥಣಿ

ಮೊದಲು ಯಾರ ಕೆಲಸ ಎಂದು ತಿಳಿದುಕೊಳ್ಳಿ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಬಸ್ಸು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಸಾರಿಗೆ ಸಂಸ್ಥೆಯದು. ವಿಜಯಪುರದ್ದು ಕಲಬುರಗಿಯ ಕಲ್ಯಾಣ ಕರ್ನಾಟಕ ಸಂಸ್ಥೆಯದು. ‘ಶಕ್ತಿ’ ಬಂದ ಮೇಲೆ ಹಣವೆಲ್ಲ ಟಿಕೆಟ್ಟಿಗೇ ಹೋಯಿತು ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಮಹಿಳೆಯರ ಶೂನ್ಯ ಟಿಕೆಟ್ಟಿನ ಹಣವನ್ನು ಸರ್ಕಾರ ಸಂಸ್ಥೆಗೆ ಬೇರೆಯಾಗಿ ತುಂಬಿಕೊಡಬೇಕು, ಕಟ್ಟಡದ ಹಣದ ಲೆಕ್ಕಶೀರ್ಷಿಕೆಯೇ ಬೇರೆ. ತುಂಬಿಕೊಡುವುದು ತಡವಾದರೆ ಸಂಸ್ಥೆಯ ಕೈ ಬಿಗಿಯಾಗುತ್ತದೆ, ಅದು ಹೌದು.

ಆಮೇಲೆ 10 ರೂಪಾಯಿ ಶುಲ್ಕ ಕೊಟ್ಟು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳೊಳಗೆ. ಅದರಲ್ಲಿ ‘ಭ್ರಷ್ಟಾಚಾರದ ವಿವರ ಕೊಡಿ’ ಎಂದು ಬರೆದರೆ ‘ಅಂಥ ಕಡತ ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ, ಮತ್ತು ಅದು ಸರಿಯಾದ ಉತ್ತರವೇ. ಮಂಜೂರಾದ ಅಂದಾಜಿನ ಪ್ರತಿ, ಕಾರ್ಯಾದೇಶದ ದಿನಾಂಕ, ಅದರಲ್ಲಿ ಬರೆದ ಮುಗಿಯುವ ಗಡುವು, ಗಡುವನ್ನು ಎಷ್ಟು ಸಲ ವಿಸ್ತರಿಸಿದರು ಮತ್ತು ದಂಡ ಹಾಕಿದರೋ ಇಲ್ಲವೋ, ಟೆಂಡರಿನಲ್ಲಿಲ್ಲದ ಹೆಚ್ಚುವರಿ ಬಾಬುಗಳ ಪಟ್ಟಿ, ಈವರೆಗೆ ಬಿಡುಗಡೆಯಾದ ಕಂತುಗಳು ತಾರೀಖಿನ ಸಮೇತ. ಇಷ್ಟು ಕೇಳಿ. ಸಾಧ್ಯವಾದರೆ, ಮಾಡಿದ ಕೆಲಸವನ್ನು ಅಳೆದು ಬರೆದಿಡುವ ಅಳತೆ ಪುಸ್ತಕವನ್ನು ಖುದ್ದಾಗಿ ಪರಿಶೀಲಿಸಲು ಅವಕಾಶ ಕೇಳಿ, ಕಾಯ್ದೆಯಲ್ಲಿ ಅದಕ್ಕೆ ಆಸ್ಪದವಿದೆ. ಎದ್ದಿರುವುದು ಬರೀ ಕಂಬಗಳಾಗಿ, ಪುಸ್ತಕದಲ್ಲಿ ಗಿಲಾವಿನ ಅಳತೆ ಬರೆದಿದ್ದರೆ, ಆಗ ನಿಮ್ಮ ‘ತಿಂದು ಹಾಕಿದ್ದಾರೆ’ ಎಂಬ ಮಾತಿಗೆ ಪುಟಸಂಖ್ಯೆ ಸಿಕ್ಕಂತೆ. ಬಿಡುಗಡೆಯೇ ಆಗಿಲ್ಲವೆಂದು ಕಂಡರೆ ಆ ಎಂಜಿನಿಯರನನ್ನು ಬೈಯುವುದು ಬಿಟ್ಟು, ಅದೇ ಕಾಗದದ ಜೆರಾಕ್ಸ್ ಶಾಸಕರಿಗೆ ಕೊಡಿ.

ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಮೇಲ್ಮನವಿಗೆ ಇನ್ನೂ ಮೂವತ್ತು ದಿನಗಳ ಅವಕಾಶವಿದೆ. ಅರ್ಜಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಕಳೆಯಬೇಡಿ.